ಡಿಎಚ್‌ಒ ಮತ್ತು ಆಯುಷ್ ಅಧಿಕಾರಿ, ಇಬ್ಬರಿಗೂ ಸೇರಿ ಒಂದೇ ಪತ್ರ

ಉಡುಪಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ,
ಹಾಗೂ ಉಡುಪಿ ಜಿಲ್ಲಾ ಆಯುಷ್ ಅಧಿಕಾರಿಗಳಿಗೆ,

ನಮಸ್ಕಾರ.

ಇಬ್ಬರ ಹೆಸರನ್ನೂ ಒಂದೇ ಪತ್ರದಲ್ಲಿ ಸೇರಿಸಿದ್ದು ಬೇಕೆಂದೇ. ಬೇರೆ ಬೇರೆ ಬರೆದರೆ ಒಬ್ಬರು "ಇದು ಆಯುಷ್‌ನವರ ವಿಷಯ" ಅನ್ನಬಹುದು, ಇನ್ನೊಬ್ಬರು "ಇದು ಡಿಎಚ್‌ಒ ನೋಡಬೇಕಾದದ್ದು" ಅನ್ನಬಹುದು. ಆದರೆ ರೋಗಿಗೆ ಇರುವುದು ಒಂದೇ ಹೊಟ್ಟೆ. ಬೆಳಿಗ್ಗೆ ನುಂಗಿದ ಬಿಪಿ ಮಾತ್ರೆಯೂ ರಾತ್ರಿ ಕುಡಿದ ಕಷಾಯವೂ ಅಲ್ಲಿಗೇ ಹೋಗಿ ಸೇರುತ್ತವೆ. ಯಾರು ಯಾವ ಇಲಾಖೆಯವರು ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ನಾನು ಉಡುಪಿಯಲ್ಲಿ ಒಂದು ಮೆಡಿಕಲ್ ಅಂಗಡಿ ನಡೆಸುತ್ತೇನೆ. ಫಾರ್ಮಸಿ ಓದಿ ಕೌಂಟರಿನ ಹಿಂದೆ ನಿಂತು ಇಪ್ಪತ್ತಾರು ವರ್ಷ ಆಯಿತು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಅಂಗಡಿಯಲ್ಲೂ ಒಂದು ಕಪಾಟು ತುಂಬ ಆಯುರ್ವೇದದ ಮದ್ದುಗಳಿವೆ. ಅದರಿಂದಲೂ ನನಗೆ ನಾಲ್ಕು ಕಾಸು ಬರುತ್ತದೆ. ಹಾಗಾಗಿ ಈ ಪತ್ರದಲ್ಲಿರುವ ದೂರಿನ ಅರ್ಧ ಪಾಲು ನನಗೇ ಸಲ್ಲಬೇಕು.

ಕೌಂಟರಿನಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ. ಒಬ್ಬರು ಬಂದು ಆಸ್ಪತ್ರೆಯ ಚೀಟಿ ಕೊಡುತ್ತಾರೆ. ಕೈಚೀಲದಿಂದ ಆಯುರ್ವೇದದ ಅರಿಷ್ಟದ ಬಾಟಲಿಯ ಕುತ್ತಿಗೆ ಹೊರಗೆ ಇಣುಕುತ್ತಿರುತ್ತದೆ. "ಇದನ್ನೂ ಕುಡಿಯುತ್ತೀರಾ? ಡಾಕ್ಟರಿಗೆ ಹೇಳಿದ್ದೀರಾ?" ಎಂದು ಕೇಳಿದರೆ, "ಅಯ್ಯೋ, ಬೈತಾರೆ ಅಕ್ಕ" ಅನ್ನುತ್ತಾರೆ. "ಹಾಗಾದರೆ ಅರಿಷ್ಟ ಕೊಟ್ಟ ಪಂಡಿತರಿಗೆ ಈ ಇಂಗ್ಲಿಷ್ ಮದ್ದಿನ ವಿಷಯ ಹೇಳಿದ್ದೀರಾ?" ಎಂದರೆ, "ಅವರಿಗೆ ಸುಮ್ನೆ ಬೇಸರ ಆಗುತ್ತದೆ, ಬೇಡ" ಅನ್ನುತ್ತಾರೆ. ಒಬ್ಬರು ಬೈಯುತ್ತಾರೆ ಎಂಬ ಹೆದರಿಕೆ, ಇನ್ನೊಬ್ಬರಿಗೆ ಬೇಸರ ಆಗುತ್ತದೆ ಎಂಬ ದಾಕ್ಷಿಣ್ಯ. ಎರಡೂ ಕಡೆ ಬಾಯಿ ಮುಚ್ಚಿಕೊಂಡ ಮನುಷ್ಯ ಎಲ್ಲವನ್ನೂ ಒಟ್ಟಿಗೆ ನುಂಗುತ್ತಾನೆ. ನಮ್ಮ ಊರಿನಲ್ಲಿ ಎರಡು ಪದ್ಧತಿಗಳ ಸಂಯೋಜನೆ ಆಗಲೇ ಆಗಿಬಿಟ್ಟಿದೆ ಸ್ವಾಮಿ. ಆದದ್ದು ರೋಗಿಯ ಹೊಟ್ಟೆಯಲ್ಲಿ, ವೈದ್ಯರಿಗೆ ಗೊತ್ತಿಲ್ಲದೆ.

ಈಗೀಗ "ಸಮಗ್ರ ಚಿಕಿತ್ಸೆ", "ಒಂದೇ ಸೂರಿನಡಿ ಎಲ್ಲ ಪದ್ಧತಿ" ಎಂಬ ಬೋರ್ಡುಗಳು ಜಾಸ್ತಿ ಕಾಣುತ್ತಿವೆ. ಬೋರ್ಡಿನ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಕರಾವಳಿಗೆ ಇದು ಹೊಸದೂ ಅಲ್ಲ. ಜರ್ಮನಿಯಲ್ಲಿ ಹುಟ್ಟಿದ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ತೆರೆದದ್ದು ಹೋಮಿಯೋಪಥಿ ಔಷಧಾಲಯ. ಅದೇ ಬೆಳೆದು ಇವತ್ತು ಆಧುನಿಕ ವೈದ್ಯಕೀಯದ ದೊಡ್ಡ ಆಸ್ಪತ್ರೆ ಆಗಿದೆ, ಹೋಮಿಯೋಪಥಿಯೂ ಜೊತೆಗೇ ಉಳಿದಿದೆ. ಮಣಿಪಾಲದಲ್ಲಿ ಕೆಎಂಸಿ, ಅಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜು, ಶುರುವಾದದ್ದು 1953ರಲ್ಲಿ. ಐದು ವರ್ಷದ ಬಳಿಕ, 1958ರಲ್ಲಿ, ಇತ್ತ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜು ಬಂತು. ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಕಾಲೇಜು 1989ರಿಂದ ಇದೆ. ಇಷ್ಟೆಲ್ಲ ಒಂದೇ ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ಬರಬಹುದಾದಷ್ಟು ಹತ್ತಿರ. ಆದರೂ ಮಣಿಪಾಲದ ಫೈಲು ಕುತ್ಪಾಡಿಗೆ ಹೋಗುವುದಿಲ್ಲ, ಕುತ್ಪಾಡಿಯ ಚೀಟಿ ಮಣಿಪಾಲದಲ್ಲಿ ಯಾರೂ ಬಿಡಿಸಿ ನೋಡುವುದಿಲ್ಲ. ನಡುವೆ ಓಡಾಡುವುದು ರೋಗಿಯ ಪ್ಲಾಸ್ಟಿಕ್ ಚೀಲ ಮಾತ್ರ.

ನನ್ನ ಅಮ್ಮನ ಕತೆ ಹೇಳದೆ ಈ ವಿಷಯ ಮುಂದೆ ಹೋಗುವುದಿಲ್ಲ. ಅವಳ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ.

ಅಮ್ಮನಿಗೆ ಈಗ ಎಪ್ಪತ್ತೊಂದು. ಶಂಕರಪುರದ ಕಡೆಯವಳು. ಚಿಕ್ಕಂದಿನಿಂದ ಮಲ್ಲಿಗೆ ಕಟ್ಟಿದ ಕೈ. ಟಿವಿ ನೋಡುತ್ತಾ, ಜಗಳ ಮಾಡುತ್ತಾ, ಕಣ್ಣು ಬೇರೆಲ್ಲೋ ಇಟ್ಟುಕೊಂಡು ಚೆಂಡಿನ ಮೇಲೆ ಚೆಂಡು ಕಟ್ಟಿ ಅಟ್ಟೆ ಮಾಡಿಬಿಡುತ್ತಿದ್ದಳು. ಮೂರು ವರ್ಷದ ಹಿಂದೆ ಎದೆಯಲ್ಲಿ ಗಂಟು ಸಿಕ್ಕಿತು. ಆಪರೇಶನ್ ಆಯಿತು, ರೇಡಿಯೇಶನ್ ಆಯಿತು. ಆಮೇಲೆ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ, ಐದು ವರ್ಷ ತೆಗೆದುಕೊಳ್ಳಬೇಕು ಎಂದರು. ಮುಟ್ಟು ನಿಂತ ಮೇಲೂ ಹೆಂಗಸಿನ ದೇಹದಲ್ಲಿ ಸ್ವಲ್ಪ ಈಸ್ಟ್ರೊಜೆನ್ ಎಂಬ ಹಾರ್ಮೋನು ತಯಾರಾಗುತ್ತಲೇ ಇರುತ್ತದೆ. ಅಮ್ಮನಿಗೆ ಬಂದ ಬಗೆಯ ಕ್ಯಾನ್ಸರಿಗೆ ಅದೇ ಗೊಬ್ಬರ. ಈ ಮಾತ್ರೆ ಆ ಗೊಬ್ಬರ ತಯಾರಾಗುವುದನ್ನೇ ತಡೆಯುತ್ತದೆ.

ರೇಡಿಯೇಶನ್ ನಡೆಯುತ್ತಿದ್ದಾಗ ಅಮ್ಮ ಒಮ್ಮೆ ಸತ್ಯ ಹೇಳಿದ್ದಳು. "ನೆಲನೆಲ್ಲಿ ಕಷಾಯ ಕುಡಿಯುತ್ತಿದ್ದೇನೆ" ಎಂದು. ಅಲ್ಲಿದ್ದ ಕಿರಿಯ ವೈದ್ಯರೊಬ್ಬರು ಎಲ್ಲರೆದುರು ಜೋರು ಮಾಡಿದರು. "ಹಾಗಾದರೆ ಇಲ್ಲಿಗೆ ಯಾಕೆ ಬರುತ್ತೀರಿ?" ಎಂದು ಕೇಳಿದರು. ಕಷಾಯ ನಿಲ್ಲಿಸಿ ಎಂದದ್ದರಲ್ಲಿ ತಪ್ಪಿಲ್ಲ. ಆದರೆ ಅಮ್ಮ ಅವತ್ತು ನಿಲ್ಲಿಸಿದ್ದು ಕಷಾಯವನ್ನಲ್ಲ, ಹೇಳುವುದನ್ನು.

ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ಬೆರಳು ನೋವು ಶುರುವಾಯಿತು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುವುದಿಲ್ಲ. ತೆಂಗಿನಕಾಯಿ ತುರಿಯಲು ಆಗುವುದಿಲ್ಲ. ಬಾಳೆನಾರಿನ ಗಂಟು ಬಿಗಿಯಲು ಆಗುವುದಿಲ್ಲ. ಮಲ್ಲಿಗೆ ಹೂ ಪಕ್ಕದಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಮುಂದಿನ ಚೆಕಪ್ಪಿನಲ್ಲಿ "ಕೈ ನೋವು" ಎಂದಳು. "ವಯಸ್ಸಾಯಿತಲ್ವಾ ಅಮ್ಮ" ಎಂಬ ಉತ್ತರ ಬಂತು, ಕ್ಯಾಲ್ಸಿಯಂ ಮಾತ್ರೆಯ ಚೀಟಿಯೂ ಬಂತು. ಹೊರಗೆ ಬೆಂಚಿನ ಮೇಲೆ ಜನ ತುಂಬಿದ್ದರು, ಬಾಗಿಲಲ್ಲಿ ಮುಂದಿನ ಹೆಸರು ಕೂಗಿಯಾಗಿತ್ತು. ಆ ಡಾಕ್ಟರನ್ನು ನಾನು ದೂರುವುದಿಲ್ಲ. ಅಷ್ಟು ಜನರನ್ನು ನೋಡಬೇಕಾದ ಯಾರಾದರೂ ಅಷ್ಟೇ ಹೇಳುತ್ತಿದ್ದರು.

ಆದರೆ ಅದು ವಯಸ್ಸಿನ ನೋವಾಗಿರಲಿಲ್ಲ. ಈ ಜಾತಿಯ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗಂಟು ನೋವು ಬರುತ್ತದೆ. ಹಲವರು ಮಾತ್ರೆ ಬಿಡುವುದೇ ಇದಕ್ಕೆ. ಮದ್ದು ಮಾರುವ ನನಗೇ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮನೆಯವರ ನೋವು ಎಂದರೆ ನಮಗೆ ಯಾವಾಗಲೂ ವಯಸ್ಸಿನದ್ದೇ.

ಆ ಹೊತ್ತಿಗೆ ಪಕ್ಕದ ಬೀದಿಯ ಒಬ್ಬರು ಅಕ್ಕ ಮನೆಗೆ ಬರಲು ಶುರು ಮಾಡಿದರು. ಬ್ಯಾಂಕಿನಿಂದ ನಿವೃತ್ತರಾದವರು, ರೇಕಿ ಕಲಿತವರು. ಪ್ರತಿ ಗುರುವಾರ ಸಂಜೆ ಅಮ್ಮನನ್ನು ಮಲಗಿಸಿ, ತಲೆ, ಭುಜ, ಕೈಗಳ ಮೇಲೆ ಅಂಗೈ ಇಟ್ಟು ನಲವತ್ತು ನಿಮಿಷ ಕೂರುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಹೋಗುವಾಗ ಎರಡು ಬಾಳೆಹಣ್ಣು ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು. ಗುರುವಾರ ರಾತ್ರಿ ಅಮ್ಮನಿಗೆ ಒಳ್ಳೆಯ ನಿದ್ದೆ. ನಾನು ಒಳಗೊಳಗೇ ನಕ್ಕರೂ ಏನೂ ಹೇಳಲಿಲ್ಲ.

ತೊಂದರೆ ಬಂದದ್ದು ಆ ಅಕ್ಕನಿಂದ ಅಲ್ಲ. ಒಂದು ಹಾಲ್‌ನಲ್ಲಿ ಎರಡು ದಿನದ "ಶಕ್ತಿ ಚಿಕಿತ್ಸೆ" ಶಿಬಿರ ನಡೆಯಿತು. ಅಮ್ಮ ಯಾರದೋ ಜೊತೆ ಹೋಗಿದ್ದಳು. ನಡೆಸಿದವರು ಯಾರು ಎಂಬುದು ಇಲ್ಲಿ ಬೇಡ. ಅಲ್ಲೊಬ್ಬರು ಅಮ್ಮನ ಕೈ ಹಿಡಿದು "ಎಲ್ಲೆಲ್ಲಿ ನೋವು?" ಎಂದು ಒಂದೊಂದೇ ಬೆರಳು ಮುಟ್ಟಿ ಕೇಳಿದರಂತೆ. ಆಮೇಲೆ, "ದೇಹದಲ್ಲಿ ರಾಸಾಯನಿಕ ಇದ್ದರೆ ಶಕ್ತಿ ಹರಿಯುವುದಿಲ್ಲ. ಆ ಮಾತ್ರೆ ಬಿಟ್ಟು ನೋಡಿ, ನೋವು ಹೋಗುತ್ತದೆ" ಎಂದರಂತೆ. ಅಮ್ಮ ಬಿಟ್ಟಳು. ನೋವು ಹೋಯಿತು! ಮಾತ್ರೆಯಿಂದ ಬಂದ ನೋವು ಮಾತ್ರೆ ಬಿಟ್ಟರೆ ಹೋಗದೆ ಇರುತ್ತದಾ? ಅಮ್ಮನ ಲೆಕ್ಕದಲ್ಲಿ ಮಾತ್ರ ಅದು ಶಕ್ತಿಯ ಪವಾಡ.

ತಿಂಗಳು ತಿಂಗಳು ಮಾತ್ರೆ ತಂದುಕೊಡುತ್ತಿದ್ದವಳು ನಾನು. ಅಮ್ಮ ತೆಗೆದುಕೊಂಡು ಒಳಗಿಡುತ್ತಿದ್ದಳು. ಒಂದು ದಿನ ಮದುವೆಗೆ ಹೋಗಲು ಸೀರೆ ಹುಡುಕುವಾಗ ಸೀರೆಗಳ ಅಡಿಯಲ್ಲಿ ನಾಲ್ಕು ತಿಂಗಳ ಸ್ಟ್ರಿಪ್ಪುಗಳು ಸಿಕ್ಕವು. ಒಂದೂ ಒಡೆದಿರಲಿಲ್ಲ. ನಾನು ಕಿರುಚಿದೆ. ಅಮ್ಮ ಹೇಳಿದ್ದು ಒಂದೇ ಮಾತು: "ನನ್ನ ಬೆರಳಿನ ವಿಷಯ ಕೇಳಿದ್ದು ಆ ಜನ ಒಬ್ಬರೇ ಅಲ್ವಾ?"

ಮಾನ್ಯರೇ, ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿಗಾಗಿ.

ಅದಾದ ಮೇಲೆ ನಾನು ಕೂತು ಓದಲು ಶುರು ಮಾಡಿದೆ. ಓದಿದಾಗ ಗೊತ್ತಾದದ್ದು ನಗು ಬರಿಸುವಂಥದ್ದು. ಅಮ್ಮನ ಬೆರಳು ನೋವಿಗೆ ಪೂರಕ ಚಿಕಿತ್ಸೆಯೊಂದನ್ನು ಕ್ಯಾನ್ಸರ್ ವೈದ್ಯರೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಇದೇ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದ, ಗಂಟು ನೋವಿದ್ದ 226 ಹೆಂಗಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಅಕ್ಯುಪಂಕ್ಚರ್, ಅಂದರೆ ಸೂಜಿ ಚುಚ್ಚುವ ಚಿಕಿತ್ಸೆ, ಒಂದಕ್ಕೆ ತೋರಿಕೆಯದ್ದು, ಒಂದಕ್ಕೆ ಏನೂ ಇಲ್ಲ. ಆರು ವಾರ, ವಾರಕ್ಕೆ ಎರಡು ಸಲ. 2018ರಲ್ಲಿ ಫಲಿತಾಂಶ ಬಂತು. ನಿಜವಾದ ಸೂಜಿ ಹಾಕಿಸಿಕೊಂಡವರಿಗೆ ನೋವು ಉಳಿದವರಿಗಿಂತ ಜಾಸ್ತಿ ಇಳಿದಿತ್ತು. ವ್ಯತ್ಯಾಸ ದೊಡ್ಡದೇನಲ್ಲ, ಹತ್ತು ಅಂಕದ ಅಳತೆಯಲ್ಲಿ ಹೆಚ್ಚುಕಡಿಮೆ ಒಂದು ಅಂಕ. ಆದರೂ ಅಲ್ಲಿನ ಕ್ಯಾನ್ಸರ್ ತಜ್ಞರ ಸಂಘವೂ ಸಮಗ್ರ ಕ್ಯಾನ್ಸರ್ ಚಿಕಿತ್ಸೆಯವರ ಸಂಘವೂ ಸೇರಿ 2022ರಲ್ಲಿ ಈ ನೋವಿಗೆ ಅಕ್ಯುಪಂಕ್ಚರ್ ಕೊಡಬಹುದು ಎಂದು ಬರೆದವು. ಮರುವರ್ಷ, ಕ್ಯಾನ್ಸರ್ ರೋಗಿಗಳ ಆತಂಕಕ್ಕೆ ಯೋಗ, ಧ್ಯಾನದ ಮಾತೂ ಬಂತು. ಅಂದರೆ ಮಾತ್ರೆ ಬಿಡದೆ ಬೆರಳಿಗೆ ಸ್ವಲ್ಪವಾದರೂ ಆರಾಮ ಕೊಡುವ ದಾರಿ ಇತ್ತು. ಡಾಕ್ಟರೇ "ಹೋಗಿ ಮಾಡಿಸಿಕೊಂಡು ಬನ್ನಿ" ಎಂದು ಕಳಿಸಬಹುದಾಗಿದ್ದ ದಾರಿ. ಸಂಯೋಜನೆ ಅಂದರೆ ನನಗೆ ಇದು. ಒಂದೇ ಕಟ್ಟಡದಲ್ಲಿ ಮೂರು ಬೋರ್ಡು ಹಾಕುವುದಲ್ಲ.

ಇನ್ನು ರೇಕಿ, ಪ್ರಾಣ ಚಿಕಿತ್ಸೆ ಇವುಗಳ ವಿಷಯ. ಇಲ್ಲಿ ನಾನು ಮೃದುವಾಗಿ ಮಾತಾಡಿದರೆ ಸುಳ್ಳು ಹೇಳಿದಂತಾಗುತ್ತದೆ. ಅಂಗೈಯಿಂದ ಶಕ್ತಿ ಹರಿಯುತ್ತದೆ ಎಂಬುದಕ್ಕೆ ಸಾಕ್ಷಿ ಇಲ್ಲ. ರೇಕಿಯನ್ನೇ ಹೋಲುವ "ಥೆರಪ್ಯುಟಿಕ್ ಟಚ್" ಎಂಬ ಪದ್ಧತಿಯನ್ನು ಅಮೆರಿಕದ ಎಮಿಲಿ ರೋಸಾ ಎಂಬ ಹುಡುಗಿ ಒಂಬತ್ತನೇ ವಯಸ್ಸಿನಲ್ಲಿ ಶಾಲೆಯ ವಿಜ್ಞಾನ ಪ್ರಾಜೆಕ್ಟಿಗೆಂದು ಪರೀಕ್ಷಿಸಿದಳು. ನಡುವೆ ರಟ್ಟಿನ ಪರದೆ. ಚಿಕಿತ್ಸಕರು ಎರಡೂ ಕೈಗಳನ್ನು ಪರದೆಯ ತೂತಿನಿಂದ ಈಚೆ ಚಾಚಬೇಕು. ಅವಳು ನಾಣ್ಯ ಚಿಮ್ಮಿ, ಒಂದು ಕೈಯ ಮೇಲೆ ತನ್ನ ಅಂಗೈ ಹಿಡಿಯುತ್ತಾಳೆ, ಮುಟ್ಟುವುದಿಲ್ಲ. ಯಾವ ಕೈಯ ಮೇಲೆ ಎಂದು ಅವರು ಹೇಳಬೇಕು. 21 ಚಿಕಿತ್ಸಕರು, 280 ಸಲ. ಸರಿಯಾದ ಉತ್ತರ 123 ಸಲ, ಶೇ 44. ಸುಮ್ನೆ ಕಣ್ಣು ಮುಚ್ಚಿ ಹೇಳಿದ್ದರೂ ಅರ್ಧ ಸರಿಯಾಗುತ್ತಿತ್ತು. 1998ರಲ್ಲಿ ಇದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲೇ ಅಚ್ಚಾಯಿತು.

ಹಾಗಾದರೆ ಗುರುವಾರದ ನಿದ್ದೆ ಎಲ್ಲಿಂದ ಬಂತು? ಅದಕ್ಕೂ ಉತ್ತರ ಸಿಕ್ಕಿತು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಿಮೋಥೆರಪಿಗೆ ಬಂದ 189 ಜನರನ್ನು ತೆಗೆದುಕೊಂಡರು. ಕೆಲವರಿಗೆ ಕಲಿತವರಿಂದ ರೇಕಿ, ಕೆಲವರಿಗೆ ರೇಕಿಯಂತೆ ಕಾಣುವ ನಟನೆ, ಕೆಲವರಿಗೆ ಮಾಮೂಲಿ ಆರೈಕೆ ಮಾತ್ರ. ರೇಕಿ ಸಿಕ್ಕವರಿಗೆ ಆರಾಮ ಅನ್ನಿಸಿತು. ನಟನೆಯ ರೇಕಿ ಸಿಕ್ಕವರಿಗೂ ಆರಾಮ ಅನ್ನಿಸಿತು. ಮಾಮೂಲಿ ಆರೈಕೆಯವರಿಗೆ ಹಾಗನ್ನಿಸಲಿಲ್ಲ. ಅಂದರೆ ಕೆಲಸ ಮಾಡಿದ್ದು ಅಂಗೈಯ ಶಕ್ತಿಯಲ್ಲ, ಒಬ್ಬರು ಬಂದು ಪಕ್ಕದಲ್ಲಿ ಕೂತದ್ದು. ಅಮ್ಮನ ಗುರುವಾರಗಳಿಗೆ ಇದಕ್ಕಿಂತ ಬೇರೆ ವಿವರಣೆ ನನಗೆ ಬೇಕಾಗಿಲ್ಲ. ನಲವತ್ತು ನಿಮಿಷ ಯಾರೋ ಒಬ್ಬರು ಅವಳಿಗಾಗಿ ಮೊಬೈಲ್ ಬದಿಗಿಟ್ಟು ಕೂತಿದ್ದರು. ನಾನು, ಹೊಟ್ಟೆಯ ಮಗಳು, ಹಾಗೆ ಕೂತದ್ದು ಯಾವಾಗ?

ಆದ್ದರಿಂದ ರೇಕಿಯನ್ನು ಆಸ್ಪತ್ರೆಯ ಚಿಕಿತ್ಸೆಯ ಪಟ್ಟಿಗೆ ಸೇರಿಸಿ ಎಂದು ನಾನು ಕೇಳುವುದಿಲ್ಲ, ಬೇಡ. ಬದಲಿಗೆ ಕಿಮೋ ವಾರ್ಡಿನಲ್ಲಿ ಡ್ರಿಪ್ ಹಾಕಿದ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಇಡಿ, ಅಲ್ಲಿ ಕೂರಲು ಒಬ್ಬರನ್ನು ಕಳಿಸಿ ಎನ್ನುತ್ತೇನೆ. ಆಶಾ ಕಾರ್ಯಕರ್ತೆಯರ ಮೇಲೆ ಇನ್ನೊಂದು ಹೊರೆ ಹಾಕಬೇಡಿ ಮಾತ್ರ. ನಮ್ಮಲ್ಲಿ ನರ್ಸಿಂಗ್, ಆಯುರ್ವೇದ, ಯೋಗ ಕಲಿಯುವ ಮಕ್ಕಳಿಗೆ ಏನು ಕಡಿಮೆಯೇ? ನಿವೃತ್ತರಾದ ರೇಕಿ ಅಕ್ಕಂದಿರೂ ಬರಲಿ, ಅಂಗೈ ಇಟ್ಟುಕೊಂಡೇ ಕೂರಲಿ. "ಗುಣ ಮಾಡುತ್ತೇನೆ" ಎನ್ನದಿದ್ದರೆ ಆಯಿತು, "ಮಾತ್ರೆ ಬಿಡಿ" ಎನ್ನದಿದ್ದರೆ ಆಯಿತು.

ಯಾಕೆಂದರೆ ಆ ಎರಡನೆಯ ಮಾತು ಕೊಲ್ಲುತ್ತದೆ. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಒಂದು ಲೆಕ್ಕ ಕೊಟ್ಟರು. ಹರಡದ, ಚಿಕಿತ್ಸೆಗೆ ಬಗ್ಗುವ ಹಂತದ ಕ್ಯಾನ್ಸರ್ ಇದ್ದೂ ಬರೀ ಪರ್ಯಾಯ ಚಿಕಿತ್ಸೆ ಆರಿಸಿಕೊಂಡ 281 ಜನರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮೇಲೆ. ಅದೇ ವರ್ಷ ಅವರದೇ ಇನ್ನೊಂದು ಲೆಕ್ಕ ಬಂತು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಪೂರಕ ಚಿಕಿತ್ಸೆ ಪಡೆದವರಲ್ಲೂ ಅಪಾಯ ಎರಡು ಪಟ್ಟು. ಕಾರಣ ಹುಡುಕಿದರೆ ಪೂರಕ ಚಿಕಿತ್ಸೆ ವಿಷವಾಗಿರಲಿಲ್ಲ. ಅಂಥವರು ಆಸ್ಪತ್ರೆಯ ಚಿಕಿತ್ಸೆಯಲ್ಲಿ ಒಂದಲ್ಲ ಒಂದನ್ನು ಬೇಡ ಎಂದದ್ದು ಜಾಸ್ತಿ, ಅಷ್ಟೇ. ಸೀರೆಯ ಅಡಿಯ ನಾಲ್ಕು ತಿಂಗಳು ನೆನಪಾಯಿತು.

ಈಗ ಕೌಂಟರಿಗೆ ವಾಪಸ್ ಬರುತ್ತೇನೆ. ಕಷಾಯ, ಚೂರ್ಣಗಳ ವಿಷಯದಲ್ಲಿ "ನೈಸರ್ಗಿಕ, ಏನೂ ಆಗುವುದಿಲ್ಲ" ಎಂಬ ಮಾತು ದಿನಕ್ಕೆ ಹತ್ತು ಸಲ ಕೇಳುತ್ತೇನೆ. ತುಳುನಾಡಿನವರು ಇದನ್ನು ಹೇಳಲೇಬಾರದು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ಹಾಲೆ ಮರದ ಕೆತ್ತೆ ತರುವವರು ನಾವು. ಕತ್ತಲಲ್ಲಿ ಮರ ತಪ್ಪಿದರೆ? ಕಾಸರಕದ ತೊಗಟೆ ಬಂದುಬಿಟ್ಟರೆ? ಅದರಲ್ಲಿರುವುದು ಸ್ಟ್ರಿಕ್ನಿನ್, ನೇರ ವಿಷ. ಅದಕ್ಕೇ ನಮ್ಮ ಹಿರಿಯರು ಹಗಲಲ್ಲೇ ಹೋಗಿ ಮರ ನೋಡಿ ಗುರುತು ಹಾಕಿ ಬರುತ್ತಿದ್ದರು. ಗೊತ್ತಿದ್ದವರನ್ನೇ ಕಳಿಸುತ್ತಿದ್ದರು. ಕುಡಿದ ಮೇಲೆ ಮೆಂತೆ ಗಂಜಿ ಕೊಡುತ್ತಿದ್ದರು. ವರ್ಷಕ್ಕೆ ಒಂದು ದಿನದ ಕಷಾಯಕ್ಕೇ ಇಷ್ಟು ಎಚ್ಚರಿಕೆ ಇತ್ತು. ಈಗ ವಾಟ್ಸ್ಯಾಪ್ ನೋಡಿ ಮುನ್ನೂರ ಅರವತ್ತೈದು ದಿನವೂ ಕುಡಿಯುತ್ತೇವೆ.

ಹೃದಯದ ವಾಲ್ವ್ ಬದಲಿಸಿ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಅರಿಶಿನದ, ಬೆಳ್ಳುಳ್ಳಿಯ ಕ್ಯಾಪ್ಸೂಲ್ ಕೇಳುತ್ತಾರೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು. ಗಟ್ಟಿ ಮಾಡಿದ ಕ್ಯಾಪ್ಸೂಲ್ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಬಿಪಿ ಇದ್ದವರು ಕೆಮ್ಮಿಗೆಂದು ತಿಂಗಳುಗಟ್ಟಲೆ ಜ್ಯೇಷ್ಠಮಧು ತಿನ್ನುತ್ತಾರೆ. ಅದು ಬಿಪಿ ಏರಿಸುತ್ತದೆ, ದೇಹದ ಪೊಟ್ಯಾಸಿಯಂ ಇಳಿಸುತ್ತದೆ. ಥೈರಾಯ್ಡ್ ಮಾತ್ರೆಯವರಿಗೆ ಅಶ್ವಗಂಧ, ಶುಗರ್ ಮಾತ್ರೆಯವರಿಗೆ ಬರಿ ಹೊಟ್ಟೆಗೆ ಹಾಗಲಕಾಯಿ ರಸ. ಒಬ್ಬರಂತೂ ಸಂಧಿವಾತಕ್ಕೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ ತಿಂದು "ಏನು ಮದ್ದು ಮಾರಾಯ್ರೆ, ಎರಡೇ ದಿನದಲ್ಲಿ ನೋವು ಮಾಯ" ಎಂದು ಹೊಗಳಿ ಹೋದರು. ಮೂರು ತಿಂಗಳ ಮೇಲೆ ಬಂದಾಗ ಮುಖ ಹುಣ್ಣಿಮೆ ಚಂದ್ರನ ಹಾಗೆ ಊದಿತ್ತು, ಶುಗರ್ ಏರಿತ್ತು. ಪುಡಿಯಲ್ಲಿ ಸ್ಟೆರಾಯ್ಡ್ ಬೆರೆತಿರಬೇಕು ಎಂದು ಅವರ ಡಾಕ್ಟರಿಗೆ ಅನುಮಾನ. ಅದು ಆಯುರ್ವೇದಕ್ಕೆ ಮಾಡಿದ ಅವಮಾನ, ಆಯುರ್ವೇದ ಅಲ್ಲ.

ಇನ್ನೊಂದು ಕಡೆ, ಚೀಟಿ ಇಲ್ಲದೆ ನೋವಿನ ಮಾತ್ರೆ ಕೇಳಿ ವರ್ಷಾನುಗಟ್ಟಲೆ ನುಂಗಿ ಕಿಡ್ನಿ ಹಾಳು ಮಾಡಿಕೊಂಡವರನ್ನೂ ನಾನು ಬಲ್ಲೆ. ಆ ಪಾಪ ನಮ್ಮ ಕೌಂಟರುಗಳದ್ದು.

ಹೀಗೆ ಎರಡು ಮದ್ದು ಸೇರಿ ತೊಂದರೆಯಾದರೆ ಅದನ್ನು ಎಲ್ಲಿ ಬರೆದಿಡುತ್ತೀರಿ? ಇಂಗ್ಲಿಷ್ ಮದ್ದಿನ ಅಡ್ಡಪರಿಣಾಮ ವರದಿ ಮಾಡಲು ಒಂದು ರಾಷ್ಟ್ರೀಯ ವ್ಯವಸ್ಥೆ 2010ರಿಂದ ಇದೆ. ಆಯುಷ್ ಮದ್ದುಗಳಿಗೆ ಬೇರೆಯೇ ಒಂದು ವ್ಯವಸ್ಥೆ ಇದೆ. ವಾರ್ಫರಿನ್ ಮತ್ತು ಅರಿಶಿನ ಒಟ್ಟಾಗಿ ಮಾಡಿದ ಅನಾಹುತ ಯಾರ ಪುಸ್ತಕಕ್ಕೆ ಹೋಗಬೇಕು? ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಎಲ್ಲರ ಮನೆಯ ದೇವರಾಗಿತ್ತಲ್ವಾ, ಅದನ್ನು ತೆಗೆದುಕೊಂಡವರಲ್ಲಿ ಲಿವರ್ ತೊಂದರೆ ಕಂಡಿತು ಎಂದು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ದೊಡ್ಡವರ ವಾದ ದೊಡ್ಡವರಿಗೆ ಇರಲಿ. ಮರುದಿನ ಬೆಳಿಗ್ಗೆ ನನ್ನ ಕೌಂಟರಿಗೆ ಬಂದ ಅಜ್ಜಿ "ಕುಡಿಯಬಹುದಾ, ಬೇಡವಾ?" ಎಂದು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಕೇಳುವುದು ದೊಡ್ಡ ಕಟ್ಟಡವಲ್ಲ. ಜಿಲ್ಲಾ ಆಸ್ಪತ್ರೆಯಿಂದ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ, ಆಯುರ್ವೇದ ಚಿಕಿತ್ಸಾಲಯಗಳೂ ಸೇರಿ, ಹೊರರೋಗಿ ಚೀಟಿಯಲ್ಲಿ ಒಂದು ಸಾಲು ಅಚ್ಚು ಹಾಕಿಸಿ. "ಬೇರೆ ಏನೆಲ್ಲ ತೆಗೆದುಕೊಳ್ಳುತ್ತಿದ್ದೀರಿ, ಮಾಡಿಸಿಕೊಳ್ಳುತ್ತಿದ್ದೀರಿ?" ಕಷಾಯ, ಬೇರು, ಹೋಮಿಯೋಪಥಿ ಗುಳಿಗೆ, ರೇಕಿ, ನೂಲು ಕಟ್ಟಿಸಿದ್ದು, ಎಲ್ಲವೂ ಅಲ್ಲಿ ಬರಲಿ. ಎರಡೂ ಇಲಾಖೆಗೆ ಒಂದೇ ನಮೂನೆ ಇರಲಿ. ಕೇಳುವ ರೀತಿಯನ್ನೂ ದಯವಿಟ್ಟು ಕಲಿಸಿ. "ಬೇರೆ ಏನೂ ತೆಗೆದುಕೊಳ್ಳುತ್ತಿಲ್ಲ ಅಲ್ವಾ?" ಎಂದು ಕೇಳಿದರೆ ಉತ್ತರ "ಇಲ್ಲ" ಎಂದೇ ಬರುತ್ತದೆ. "ಮನೆಯಲ್ಲಿ ಕಷಾಯ ಗಿಷಾಯ ಏನು ಮಾಡುತ್ತೀರಿ ಅಮ್ಮ?" ಎಂದು ಕೇಳಿ ನೋಡಿ. ಚೀಲದಿಂದ ಬಾಟಲಿ ತಾನಾಗಿಯೇ ಹೊರಗೆ ಬರುತ್ತದೆ.

ಬರೆದದ್ದನ್ನು ಓದುವವರೂ ಬೇಕು. ಹದಿನೈದು ದಿನಕ್ಕೊಮ್ಮೆ ಒಬ್ಬ ಎಂಬಿಬಿಎಸ್ ವೈದ್ಯರು, ಒಬ್ಬ ಆಯುರ್ವೇದ ವೈದ್ಯರು, ಒಬ್ಬ ಫಾರ್ಮಸಿಸ್ಟ್ ಒಂದೇ ಮೇಜಿನ ಸುತ್ತ ಕೂತು ಇಂಥ ಚೀಟಿಗಳನ್ನು ನೋಡಲಿ. ಕ್ಯಾನ್ಸರ್, ಕಿಡ್ನಿ, ಹೃದಯದ ರೋಗಿಗಳಿಂದ ಶುರು ಮಾಡಿದರೆ ಸಾಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಮಗ್ರ ವೈದ್ಯಕೀಯಕ್ಕೆಂದೇ ಒಂದು ವಿಭಾಗ ಇದೆ. ನಮಗೆ ವಿಭಾಗ ಬೇಡ, ಒಂದು ಮೇಜು ಮತ್ತು ಮೂರು ಕುರ್ಚಿ ಸಾಕು. ಮೂರನೆಯ ಕುರ್ಚಿಗೆ ನಮ್ಮಂಥ ಅಂಗಡಿಯವರನ್ನು ಕರೆದರೆ ಸಂಬಳ ಇಲ್ಲದೆ ಬರುತ್ತೇವೆ. ನಾನಂತೂ ಬರುತ್ತೇನೆ.

ಇನ್ನು ಕಾನೂನು. ಕ್ಯಾನ್ಸರ್, ಡಯಾಬಿಟಿಸ್, ಬಿಪಿ ಗುಣಪಡಿಸುತ್ತೇವೆ ಎಂದು ಮದ್ದಿನ ಜಾಹೀರಾತು ಹಾಕುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ತಾಯಿತ, ಮಂತ್ರ, ಕವಚಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಎಪ್ಪತ್ತು ವರ್ಷ ಹಳೆಯ ಕಾನೂನು. ಹಾಗಿದ್ದರೂ ಅಂಥ ಫ್ಲೆಕ್ಸುಗಳ ಕೆಳಗೇ ನಿಂತು ನಾವು ಬಸ್ಸಿಗೆ ಕಾಯುತ್ತೇವೆ. ರೇಕಿ, ಪ್ರಾಣ ಚಿಕಿತ್ಸೆ ಆಯುಷ್ ಪದ್ಧತಿಗಳ ಪಟ್ಟಿಯಲ್ಲೂ ಇಲ್ಲ. ತಪ್ಪು ಸಲಹೆ ಕೊಟ್ಟರೆ ದೂರು ಕೊಡಲು ಅವರಿಗೊಂದು ಮೆಡಿಕಲ್ ಕೌನ್ಸಿಲ್ ಇಲ್ಲ. ಶಿಬಿರಕ್ಕೆ ಹಾಲ್ ಕೊಡುವ ಮುನ್ನ ಒಂದು ಮುಚ್ಚಳಿಕೆ ಬರೆಸಿಕೊಳ್ಳಿ ಎಂದು ಹಾಲ್‌ನವರಿಗೆ ಹೇಳಲು ನಿಮ್ಮಿಂದ ಆಗುವುದಿಲ್ಲವೇ? "ವೈದ್ಯರು ಕೊಟ್ಟ ಮದ್ದು ನಿಲ್ಲಿಸಲು ಹೇಳುವುದಿಲ್ಲ" ಎಂಬ ಒಂದೇ ವಾಕ್ಯ. ನಂಬಿಕೆಗೆ ಅಡ್ಡ ಬರಬೇಡಿ, ಅದು ರೋಗಿಯ ಹಕ್ಕು. ಪರ್ಯಾಯ ಚಿಕಿತ್ಸೆ ಇದ್ದರೆ ಆರಿಸಿಕೊಳ್ಳುವ ಹಕ್ಕನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪತ್ರವೂ ಹೇಳಿದೆ. ಆದರೆ ಸರಿಯಾದ ಮಾಹಿತಿ ಪಡೆಯುವ ಹಕ್ಕೂ ಅದೇ ಪತ್ರದಲ್ಲಿದೆ ಅಲ್ವಾ?

ಅಮ್ಮ ಮತ್ತೆ ಮಾತ್ರೆ ಶುರು ಮಾಡಿದ್ದಾಳೆ. ನಾಲ್ಕು ತಿಂಗಳು ಬಿಟ್ಟದ್ದಕ್ಕೆ ಏನಾದರೂ ಆಗುತ್ತದಾ ಎಂದು ಡಾಕ್ಟರನ್ನು ಕೇಳಿದೆ. "ಇನ್ನು ಬಿಡಬೇಡಿ" ಎಂದರು, ಅಷ್ಟೇ. ಗಂಟು ನೋವಿನ ವಿಷಯ ಈ ಸಲ ನಾನೇ ಬಾಯಿ ಬಿಟ್ಟು ಹೇಳಿದೆ. ಅವರು ತಾಳ್ಮೆಯಿಂದ ಕೇಳಿ ಬೇರೆ ಕಂಪನಿಯದ್ದಲ್ಲ, ಅದೇ ಜಾತಿಯ ಬೇರೆ ಮಾತ್ರೆಗೆ ಬದಲಿಸಿದರು. ಅಕ್ಯುಪಂಕ್ಚರ್ ಬಗ್ಗೆ ಕೇಳಿದ್ದಕ್ಕೆ "ಮಾಡಿಸಿ, ತೊಂದರೆಯಿಲ್ಲ, ಕಲಿತವರ ಹತ್ತಿರ ಮಾಡಿಸಿ" ಎಂದರು. ಅಮ್ಮನಿಗೆ ಆಶ್ಚರ್ಯ. "ಇವರು ಬೈಯಲೇ ಇಲ್ಲ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಬೆರಳು ಪೂರ್ತಿ ಸರಿಯಾಗಿಲ್ಲ. ಒಂದು ಚೆಂಡು ಕಟ್ಟಲು ಮೊದಲಿನ ಎರಡರಷ್ಟು ಹೊತ್ತು ಬೇಕು. ಗುರುವಾರದ ಅಕ್ಕ ಈಗಲೂ ಬರುತ್ತಾರೆ.

ಹೊರಡುವ ಮೊದಲು ಅಮ್ಮ ತೆಗೆದುಕೊಳ್ಳುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನರ್ಸಿನ ಕೈಗೆ ಕೊಟ್ಟೆ. ಮಾತ್ರೆ, ಕ್ಯಾಲ್ಸಿಯಂ, ನೆಲನೆಲ್ಲಿ (ಈಗ ನಿಲ್ಲಿಸಿದೆ), ಗುರುವಾರದ ರೇಕಿ. ಅವರು ಫೈಲು ತಿರುವಿ ತಿರುವಿ ನೋಡಿದರು.

"ಇದಕ್ಕೆ ಕಾಲಂ ಇಲ್ಲ ಮೇಡಂ. ಎಂತ ಮಾಡುವುದು? ಹಿಂದೆ ಪಿನ್ ಮಾಡುತ್ತೇನೆ, ಆಗಬಹುದಾ?"

ಆಗಬಹುದು ಎಂದೆ.

ಇತಿ,
ಉಡುಪಿಯ ಒಬ್ಬಳು ಮೆಡಿಕಲ್ ಅಂಗಡಿಯವಳು